ಐಸಿಗೆ ಹಾಕಿದ ರಕ್ತ

ಕುವೈತಿನಿಂದ ಬಂದವರನ್ನು ನಮ್ಮ ಕಡೆ ಕೇಳುವುದು ಚಿನ್ನದ ಬಗ್ಗೆ. ನನ್ನನ್ನು ಮಾತ್ರ ಎಲ್ಲರೂ ಮೀನಿನ ಬಗ್ಗೆ ಕೇಳಿದರು. ನಾನು ತೆಂಗಿನಗುಂಡಿಯ ಮಾದೇವಿ. ಅಲ್ಲಿ ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಭಟ್ಕಳ ಪೇಟೆಯ ಮನೆಮನೆಗೆ ಮಾರಿ ಬದುಕಿದವಳು. ಓದಿದ್ದು ನಾಲ್ಕನೆಯ ಇಯತ್ತೆ. ಹಾಗಾಗಿ ಇಲ್ಲಿ ಕುವೈತಿನ ಉದ್ದ ಅಗಲ, ರಾಜನ ಹೆಸರು, ಟಿಕೆಟ್ಟಿನ ದರ ಸಿಗುವುದಿಲ್ಲ. ಮೀನಿನ ಸುದ್ದಿ ಖಂಡಿತ ಸಿಗುತ್ತದೆ. ಅದರ ಜೊತೆಗೆ ನನ್ನ ಒಂದು ತಪ್ಪೂ ಸಿಗುತ್ತದೆ. ಅದನ್ನು ಬಿಟ್ಟು ಈ ಪ್ರಯಾಣ ಹೇಳಲು ಬರುವುದಿಲ್ಲ.

ಭಟ್ಕಳ, ಬೀಬಿಯ ಹಿತ್ತಲು

ನನ್ನ ತಮ್ಮ ಜಟ್ಟಪ್ಪ ಮಿಲಿಟರಿಗೆ ಹೋದವನು. ಎಪ್ಪತ್ತೊಂದರ ಯುದ್ಧದಲ್ಲಿ ಇದ್ದ, ಆಮೇಲೆ ಹಿಮದ ಬೆಟ್ಟದಲ್ಲಿ ಇದ್ದ. ಅಲ್ಲಿ ಬೆನ್ನು ಹಿಡಿಯಿತು. ಮಿಲಿಟರಿ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆದು ನೋಡಿದರು, ಎಲುಬಿನಲ್ಲಿ ಏನೂ ಕಾಣಲಿಲ್ಲ. ಇಪ್ಪತ್ತೇಳನೆಯ ವಯಸ್ಸಿಗೆ ಕೆಲಸಕ್ಕೆ ಆಗುವುದಿಲ್ಲ ಎಂದು ಮನೆಗೆ ಕಳಿಸಿದರು.

ಮನೆಗೆ ಬಂದವನು ಬೆಳಿಗ್ಗೆ ಏಳುತ್ತಿರಲಿಲ್ಲ. ದೋಣಿ ನೀರಿಗೆ ದೂಡುವ ಹೊತ್ತಿಗೆ ಅವನು ಚಾಪೆಯ ಮೇಲೆ. ಸಂಜೆ ನಾನು ಬುಟ್ಟಿ ಖಾಲಿ ಮಾಡಿ ಬರುವಾಗ ನೋಡಿದರೆ ಹೊಳೆದಂಡೆಯ ಮರಳಿನಲ್ಲಿ ವಾಲಿಬಾಲ್ ಆಡುತ್ತಿದ್ದಾನೆ. ಹಾರಿ ಹಾರಿ ಹೊಡೆಯುತ್ತಿದ್ದಾನೆ. ಯಾರಿಗೆ ಸಿಟ್ಟು ಬರುವುದಿಲ್ಲ? ನಾನು ಅವನಿಗೆ ‘ಸಂಜೆ ಸಿಪಾಯಿ’ ಎಂದು ಹೆಸರಿಟ್ಟೆ. ನನ್ನ ಬಾಯಿಂದ ಹೊರಟ ಹೆಸರು ಸಾಮಾನ್ಯವಾಗಿ ಮೂರು ದಿನದಲ್ಲಿ ಪಕ್ಕದೂರು ಹೆಬಳೆ ಮುಟ್ಟುತ್ತದೆ. ಇದು ಎರಡೇ ದಿನದಲ್ಲಿ ಮುಟ್ಟಿತು.

ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅವನು ಮಿಲಿಟರಿ ಪಿಂಚಣಿಗೆ ಅರ್ಜಿ ಹಾಕಿದ್ದ. ಕಾಯಿಲೆ ನಿಜವೋ ಎಂದು ವಿಚಾರಿಸಲು ಒಬ್ಬರು ಫೈಲು ಹಿಡಿದು ಊರಿಗೆ ಬಂದರು. ಜಟ್ಟಪ್ಪ ಆ ಹೊತ್ತಿಗೆ ಮನೆಯಲ್ಲಿ ಇರಲಿಲ್ಲ. ನಾನು ಅವರಿಗೆ ಎಳನೀರು ಕೊಟ್ಟು ಕೂರಿಸಿ, ಬೆಳಗಿನ ಚಾಪೆಯಿಂದ ಸಂಜೆಯ ವಾಲಿಬಾಲಿನವರೆಗೆ ಎಲ್ಲ ಹೇಳಿದೆ. ಅವರು ಬರೆದುಕೊಂಡರು. ‘ಕಾಯಿಲೆ ಎಂತದೂ ಇಲ್ಲ, ಸೋಮಾರಿತನ’ ಎಂದು ನಾನೇ ಹೇಳಿಕೊಟ್ಟೆ. ಕೆಳಗೆ ರುಜು ಹಾಕಿದೆ. ತಮ್ಮನಿಗೆ ಹೇಳಲಿಲ್ಲ. ಆಮೇಲೆ ಅವನ ಅರ್ಜಿ ತಿರುಗಿ ಬಂತು. ಯಾಕೆ ಬಂತು ಎಂದು ಅವನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.

ಏಳು ವರ್ಷ ಹೀಗೇ ಹೋಯಿತು. ಒಂದು ದಿನ ಭಟ್ಕಳದಲ್ಲಿ ನನ್ನ ಖಾಯಂ ಗಿರಾಕಿ ಬೀಬಿಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಂಗಡೆ ಮೀನು ಸವರಿ ಕೊಡುತ್ತಿದ್ದೆ. ಬೀಬಿಯ ಮಗ ಇಲ್ಯಾಸ್ ಕುವೈತಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸದವನು. ರಜೆಗೆ ಬಂದಿದ್ದ. ನಾನು ಎಂದಿನಂತೆ ತಮ್ಮನ ಕತೆ ಹೇಳಿ ಬೀಬಿಯನ್ನು ನಗಿಸುತ್ತಿದ್ದೆ. ಬೀಬಿ ನಕ್ಕಳು. ಇಲ್ಯಾಸ್ ನಗಲಿಲ್ಲ. ಬಾಗಿಲಿಗೆ ಬಂದು ನಿಂತ.

“ಅಕ್ಕಾ, ಮಲಗಿದ್ರೆ ನೋವು ಹೆಚ್ಚು, ಓಡಾಡಿದ್ರೆ ಕಡಿಮೆ, ಹಾಂಗಾ?”

“ಅದೇ ನಾ ಹೇಳೂದು. ಕಾಯಿಲೆ ಇದ್ದವ್ನಿಗೆ ಮಲಗಿದ್ರೆ ಕಡಿಮೆ ಆಗ್ಬೇಕಲ್ಲ?”

“ಎಲ್ಲಾ ಕಾಯಿಲೆಗೂ ಅಲ್ಲ. ಒಂದು ಕಾಯಿಲೆಗೆ ಅದೇ ಗುರುತು.”

ನಾನು ಕತ್ತಿ ಕೆಳಗಿಟ್ಟೆ. ಬೆನ್ನೆಲುಬಿನ ಕೀಲುಗಳನ್ನು ಮೆಲ್ಲಗೆ ಕಚ್ಚಿ ಹಿಡಿಯುವ ಒಂದು ವಾತ ಇದೆ, ಪ್ರಾಯದ ಗಂಡಸರಿಗೇ ಹೆಚ್ಚು ಬರುತ್ತದೆ, ಮೊದಮೊದಲು ಫೋಟೋದಲ್ಲಿ ಕಾಣುವುದಿಲ್ಲ, ಬೆಳಿಗ್ಗೆ ಮರದ ಕೊರಡು, ಸಂಜೆ ಸಡಿಲ ಎಂದು ಅವನು ವಿವರಿಸಿದ. ಅಂಥವರಲ್ಲಿ ಹೆಚ್ಚಿನವರ ರಕ್ತದ ಬಿಳಿ ಕಣಗಳ ಮೇಲೆ ಒಂದು ಗುರುತು ಇರುತ್ತದೆಯಂತೆ. ಅದನ್ನು ಹುಡುಕುವುದು ಅವನ ಆಸ್ಪತ್ರೆಯಲ್ಲಿ ದಿನದ ಕೆಲಸವಂತೆ.

ಏಳು ವರ್ಷ ನಾನು ಯಾವುದನ್ನು ಸುಳ್ಳಿಗೆ ಸಾಕ್ಷಿ ಎಂದು ತೋರಿಸಿದ್ದೆನೋ, ಅದೇ ಕಾಯಿಲೆಗೆ ಸಾಕ್ಷಿ. ಆ ದಿನ ಬಂಗಡೆ ಅರ್ಧ ಸವರಿದ್ದು ಹಾಗೇ ಉಳಿಯಿತು. ಬೀಬಿ ತಾನೇ ಮುಗಿಸಿಕೊಂಡಳು.

ಕುಮಟಾ, ಬಸ್‌ಸ್ಟ್ಯಾಂಡ್

ಮೊದಲು ಕುವೈತಿಗೆ ಹೋಗಬೇಕಾದದ್ದು ನಾವಲ್ಲ, ರಕ್ತ ಮಾತ್ರ. ಇಲ್ಯಾಸ್ ರಜೆ ಮುಗಿಸಿ ಮುಂಬಯಿಯಲ್ಲಿ ವಿಮಾನ ಹಿಡಿಯಲು ಹೊರಟ ದಿನ ನಾವೂ ಅವನ ಬಸ್ಸಿನಲ್ಲಿ ಕುಮಟಾದವರೆಗೆ ಹೋದೆವು. ಅಲ್ಲಿ ಅವನ ಪರಿಚಯದ ಡಾಕ್ಟರು ಜಟ್ಟಪ್ಪನ ತೋಳಿನಿಂದ ನಾಲ್ಕು ಸೀಸೆ ರಕ್ತ ತೆಗೆದುಕೊಟ್ಟರು. ಇಲ್ಯಾಸ್ ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು, ಎರಡು ದಿನದೊಳಗೆ ಮುಟ್ಟಿಸಬೇಕು, ಹಾಳಾಗಬಾರದು ಎಂದ. ಚೀಲ ನನ್ನ ಮಡಿಲಲ್ಲಿಟ್ಟು, ಮುಂದಿನ ಬಸ್ಸು ವಿಚಾರಿಸಲು ಜಟ್ಟಪ್ಪನನ್ನು ಕರೆದುಕೊಂಡು ಹೋದ.

ಏಪ್ರಿಲ್ ತಿಂಗಳು. ಕುಮಟಾ ಬಸ್‌ಸ್ಟ್ಯಾಂಡಿನ ತಗಡು ಕಾದಿತ್ತು. ಹಾಳಾಗಬಾರದು ಎಂಬ ಮಾತು ನನ್ನ ಕಿವಿಯಲ್ಲೇ ಇತ್ತು. ಬಂಗಡೆಯನ್ನು ಈ ಬಿಸಿಲಿನಲ್ಲಿ ಇಟ್ಟರೆ ಅರ್ಧ ದಿನ ನಿಲ್ಲುವುದಿಲ್ಲ. ಮನುಷ್ಯನ ರಕ್ತ ಮುಂಬಯಿ ದಾಟಿ ಕುವೈತಿನವರೆಗೆ ನಿಲ್ಲುತ್ತದೆಯೇ? ಓದಿದ ಹುಡುಗ, ಆದರೆ ಮೀನು ಮಾರಿದವನಲ್ಲ ಎಂದುಕೊಂಡೆ. ರಸ್ತೆಯ ಆಚೆ ಒಂದು ಮೀನಿನ ಲಾರಿ ನಿಂತಿತ್ತು. ಹೋಗಿ ಒಂದು ಬೊಗಸೆ ಪುಡಿ ಐಸು ಕೇಳಿ ತಂದೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ನೀರು ಸೋರದ ಹಾಗೆ ಬಾಳೆಲೆ ಸುತ್ತಿ, ಸೀಸೆಗಳ ಸುತ್ತ ಚೆನ್ನಾಗಿ ಒತ್ತಿದೆ. ನನ್ನ ಜನ್ಮದಲ್ಲಿ ಅಷ್ಟು ನಾಜೂಕಾಗಿ ಯಾವ ಮೀನನ್ನೂ ಕಟ್ಟಿರಲಿಲ್ಲ. ಚೀಲದ ಬಾಯಿ ಕಟ್ಟಿ ಇಲ್ಯಾಸನ ಕೈಗೆ ಕೊಟ್ಟೆ. ಐಸಿನ ಮಾತು ಹೇಳುವ ಮೊದಲೇ ಬಸ್ಸು ಹೊರಟಿತು. ತಮ್ಮನಿಗೆ ಮಾಡಿದ ಅನ್ಯಾಯದಲ್ಲಿ ಸ್ವಲ್ಪ ತೀರಿತು ಎಂದು ಸಮಾಧಾನವಾಯಿತು.

ತಿಂಗಳಿಗೆ ಕಾಗದ ಬಂತು. ಜಟ್ಟಪ್ಪನೇ ಓದಿದ. ‘ಅಕ್ಕಾ, ರಕ್ತ ಮೀನಲ್ಲ. ನಮಗೆ ಬೇಕಾದ್ದು ಜೀವ ಇರುವ ಕಣ. ಐಸಿನಿಂದ ಎಲ್ಲ ಸತ್ತುಹೋಗಿವೆ’ ಎಂದು ಬರೆದಿತ್ತು. ನಾನು ತಲೆ ತಗ್ಗಿಸಿ ಕೂತೆ. ಜಟ್ಟಪ್ಪ ಗೋಡೆ ಹಿಡಿದುಕೊಂಡು ನಕ್ಕ. ಅವನಿಗೆ ಬಗ್ಗಿ ನಗಲು ಬರುತ್ತಿರಲಿಲ್ಲ, ನೆಟ್ಟಗೆ ನಿಂತೇ ನಗಬೇಕಿತ್ತು. ಈ ತಪ್ಪಿಗೆ ಇಷ್ಟು ಸುಲಭದಲ್ಲಿ ಕ್ಷಮೆ ಸಿಕ್ಕಿತಲ್ಲ, ಆ ದೊಡ್ಡದನ್ನೂ ಈಗಲೇ ಹೇಳಿಬಿಡಲೇ ಎಂದು ಬಾಯಿವರೆಗೆ ಬಂತು. ಹೇಳಲಿಲ್ಲ.

ಕಾಗದದ ಕೊನೆಗೆ, ಇಬ್ಬರೂ ಇಲ್ಲಿಗೇ ಬನ್ನಿ, ಒಡಹುಟ್ಟಿದವರ ರಕ್ತವನ್ನೂ ನೋಡಬೇಕೆಂದು ಡಾಕ್ಟರು ಹೇಳುತ್ತಾರೆ, ವೀಸಾ ನಾನು ಮಾಡುತ್ತೇನೆ ಎಂದಿತ್ತು. ಆ ಪರೀಕ್ಷೆ ಮುಂಬಯಿಯಲ್ಲೂ ಆಗುತ್ತದೆ ಎಂದು ಆಮೇಲೆ ತಿಳಿಯಿತು. ಆದರೆ ಮುಂಬಯಿಯಲ್ಲಿ ನಮಗೆ ಯಾರಿದ್ದಾರೆ? ಭಟ್ಕಳದವರಿಗೆ ಮುಂಬಯಿಗಿಂತ ಕುವೈತ್ ಹತ್ತಿರ.

ಹೊರಡುವ ಮೊದಲು ಜಟ್ಟಪ್ಪ ಒಂದು ಮಾತು ಹೇಳಿದ. “ರಕ್ತದಲ್ಲೂ ಎಂತದೂ ಇಲ್ಲ ಅಂತಾದ್ರೆ, ನಾ ಸುಳ್ಳ ಅಂತ ನಾನೇ ಒಪ್ಕಂತೆ. ಮತ್ತೆ ಯಾರ ಹತ್ರನೂ ಬೆನ್ನಿನ ಸುದ್ದಿ ಎತ್ತುದಿಲ್ಲ.”

ಅಂದರೆ, ಗುರುತು ಇಲ್ಲದಿದ್ದರೆ ಅವನ ಮಾನ ಹೋಯಿತು. ಇದ್ದರೆ ನನ್ನದು.

ಕುವೈತ್, ಇಳಿದ ದಿನ

ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ದೋಣಿಗಿಂತ ಕಡಿಮೆ ಓಲಾಡುತ್ತದೆ. ತಿನ್ನಲು ಕೊಟ್ಟದ್ದರಲ್ಲಿ ಉಪ್ಪಿರಲಿಲ್ಲ.

ಪೇಚಿಗೆ ಸಿಕ್ಕಿದ್ದು ಇಳಿದ ಮೇಲೆ. ಇಲ್ಯಾಸನ ಹೆಂಡತಿ ಸಫಿಯಾಳಿಗೆಂದು ನಾನು ಒಣಸಿಗಡಿ ಒಯ್ದಿದ್ದೆ. ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆದು ನೋಡುವ ಸಾಹೇಬರು ಗಂಟು ಬಿಚ್ಚಿದರು. ಹಿಂದಿನ ಸಾಲಿನವರು ಎರಡು ಹೆಜ್ಜೆ ಸರಿದರು. ಸಾಹೇಬರು ಒಂದು ಹಿಡಿ ಎತ್ತಿ ಮೂಸಿ, ಏನೋ ಕೇಳಿದರು. ನನಗೆ ಅರಬ್ಬಿ ಬಾರದು. ಅವರಿಗೆ ಕನ್ನಡ ಬಾರದು. ಆದರೆ ಮೀನು ಕೊಳ್ಳುವವನ ಮುಖ ಯಾವ ದೇಶದಲ್ಲೂ ಒಂದೇ. ಒಂದು ಚಿಟಿಕೆ ಅವರ ಅಂಗೈಗೆ ಹಾಕಿ, ತಿಂದು ನೋಡಿ ಎಂದು ಕೈಸನ್ನೆ ಮಾಡಿದೆ. ತಿಂದರು. ಪಕ್ಕದ ಸಾಹೇಬರನ್ನೂ ಕರೆದು ತಿನ್ನಿಸಿದರು. ನಗುತ್ತ ಪೆಟ್ಟಿಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೀಟು ಎಳೆದು ಬಿಟ್ಟರು. ಜಟ್ಟಪ್ಪ ಇಷ್ಟೂ ಹೊತ್ತು ನನ್ನನ್ನು ಅರಿಯದವನಂತೆ ದೂರ ನಿಂತಿದ್ದ.

ಇಲ್ಯಾಸನ ಮನೆ ನಾಲ್ಕನೆಯ ಮಹಡಿಯಲ್ಲಿ. ಸಫಿಯಾ ಒಣಸಿಗಡಿಯ ವಾಸನೆಗೆ ಅತ್ತೇಬಿಟ್ಟಳು, ಊರಿನ ನೆನಪಾಗಿ. ಬಚ್ಚಲಲ್ಲಿ ನೀರು, ಅಡುಗೆ ಮನೆಯಲ್ಲಿ ನೀರು, ಎಲ್ಲ ಸಮುದ್ರದ ನೀರನ್ನು ಸಿಹಿ ಮಾಡಿದ್ದಂತೆ. ನಾನು ಮೂರು ಸಲ ಕುಡಿದು ನೋಡಿದೆ. ನಮ್ಮ ಬಾವಿಗೆ ಮೇ ತಿಂಗಳಲ್ಲಿ ಉಪ್ಪು ನುಗ್ಗುತ್ತದೆ. ಇಲ್ಲಿ ಸಮುದ್ರದಿಂದಲೇ ಉಪ್ಪನ್ನು ಓಡಿಸಿದ್ದಾರೆ.

ಮೊದಲ ಬೆಳಗು

ಊರಲ್ಲಿ ನಾನು ಬೆಳಕು ಹರಿಯುವ ಮುನ್ನ ದಕ್ಕೆಗೆ ಹೋಗುವವಳು. ದೋಣಿ ಬರುವ ಹೊತ್ತಿಗೆ ಇರದಿದ್ದರೆ ಒಳ್ಳೆಯ ಮೀನು ಬೇರೆಯವರ ಬುಟ್ಟಿಗೆ. ತಿರುಗಿ ಮನೆಗೆ ಬರುವುದು ಸಂಜೆ. ಹಾಗಾಗಿ ಏಳು ವರ್ಷದಲ್ಲಿ ನನ್ನ ತಮ್ಮ ಹಾಸಿಗೆಯಿಂದ ಏಳುವುದನ್ನು ಒಂದು ದಿನವೂ ನೋಡಿರಲಿಲ್ಲ. ಈ ಮಾತು ನನಗೆ ಹೊಳೆದದ್ದೇ ಕುವೈತಿನಲ್ಲಿ, ಇಲ್ಯಾಸನ ನಡುಮನೆಯಲ್ಲಿ. ಒಂದು ಮೂಲೆಯಲ್ಲಿ ನನ್ನ ಚಾಪೆ, ಇನ್ನೊಂದು ಮೂಲೆಯಲ್ಲಿ ಅವನದು.

ಬಿಸಿಲು ಬಂದಿತ್ತು. ಅವನಿಗೆ ನಾನು ಎಚ್ಚರವಿರುವುದು ಗೊತ್ತಿರಲಿಲ್ಲ. ಮೊದಲು ಕುತ್ತಿಗೆ ಹೊರಳಿಸಲು ನೋಡಿದ, ಆಗಲಿಲ್ಲ. ಇಡೀ ಮೈಯನ್ನು ಒಂದು ಹಲಗೆಯಂತೆ ಬಲಕ್ಕೆ ಉರುಳಿಸಿದ. ಸ್ವಲ್ಪ ಹೊತ್ತು ಹಾಗೇ ಇದ್ದ. ಮೊಣಕೈ ಊರಿದ. ಮತ್ತೆ ಸುಮ್ಮನಿದ್ದ. ಮಂಡಿ ಮಡಿಸಿ, ಕಿಟಕಿಯ ಸರಳು ಹಿಡಿದು, ಕೈಯನ್ನು ಒಂದೊಂದೇ ಅಡ್ಡಸರಳು ಮೇಲಕ್ಕೆ ಹತ್ತಿಸುತ್ತ ಎದ್ದು ನಿಂತ. ಬಾಯಿಂದ ಒಂದು ಸದ್ದೂ ಬರಲಿಲ್ಲ. ಆಮೇಲೆ ಗೋಡೆ ಹಿಡಿದು ಆ ಸಣ್ಣ ಕೋಣೆಯಲ್ಲಿ ಆಚೆ ಈಚೆ ನಡೆದ. ಒಳಗೆ ಸಫಿಯಾ ಹಿಟ್ಟು ನಾದಿ, ರೊಟ್ಟಿಗಳನ್ನೆಲ್ಲ ಸುಟ್ಟು, ಚಹಾ ಇಟ್ಟು ಮುಗಿಸಿದರೂ ಅವನ ಬೆನ್ನು ಪೂರ್ತಿ ಸಡಿಲವಾಗಿರಲಿಲ್ಲ.

ರಕ್ತ ಏನು ಹೇಳಬೇಕಿತ್ತೋ ಅದು ನನಗೆ ಆಗಲೇ ತಿಳಿಯಿತು. ಆ ಕ್ಷಣ ಎದ್ದು ಹೇಳಬೇಕಿತ್ತು. ನಾನು ನಿದ್ರೆಯವಳಂತೆ ಮಗ್ಗುಲು ಬದಲಿಸಿದೆ.

ಆಸ್ಪತ್ರೆ

ಮರುಭೂಮಿಯಲ್ಲಿ ಚಳಿಯಿಂದ ನಡುಗಬೇಕಿದ್ದರೆ ಅಲ್ಲಿನ ಆಸ್ಪತ್ರೆಗೆ ಹೋಗಬೇಕು. ಹೊರಗೆ ಕಾಲು ಸುಡುತ್ತದೆ, ಒಳಗೆ ಹಲ್ಲು ಕಟಕಟ. ಜಟ್ಟಪ್ಪನ ಮಿಲಿಟರಿ ಸ್ವೆಟರು ಸೀರೆಯ ಮೇಲೆ ಹಾಕಿಕೊಂಡು ಕೂತೆ.

ಡಾಕ್ಟರು ಈಜಿಪ್ಟಿನವರು, ದಪ್ಪ ಮೀಸೆ, ದೊಡ್ಡ ನಗು. ಇಲ್ಯಾಸ್ ಅವರ ಮಾತನ್ನು ನಮಗೆ ಕನ್ನಡ ಮಾಡಿದ. ಗೋಡೆಗೆ ಬೆನ್ನು ಒತ್ತಿ ನಿಲ್ಲಿಸಿದರು. ಜಟ್ಟಪ್ಪನ ತಲೆ ಗೋಡೆಗೆ ತಾಗಲಿಲ್ಲ. ದರ್ಜಿಯ ಟೇಪು ಎದೆಗೆ ಸುತ್ತಿ ಉಸಿರೆಳೆಯಲು ಹೇಳಿದರು. ಎದೆ ಹಿಗ್ಗಲಿಲ್ಲ. ಹೊಸದಾಗಿ ಫೋಟೋ ತೆಗೆಸಿದರು. ನಮ್ಮ ಈಜಿಪ್ಟಿನಲ್ಲೂ ಇಂಥ ಸಿಪಾಯಿಗಳನ್ನು ಕಂಡಿದ್ದೇನೆ, ಕಾಯಿಲೆಯ ಹೆಸರು ಬರುವ ಮೊದಲೇ ಅವರ ಕಾಗದದ ಮೇಲೆ ಸೋಮಾರಿ ಎಂಬ ಹೆಸರು ಬಂದಿರುತ್ತದೆ ಎಂದರು. ಹಾಗೆ ಬರೆಸುವವರು ಯಾರು ಎಂದು ಅವರು ಕೇಳಲಿಲ್ಲ. ನಾನು ಸ್ವೆಟರಿನ ಗುಂಡಿ ಎಣಿಸುತ್ತಿದ್ದೆ.

ರಕ್ತ ತೆಗೆದವಳು ಕೇರಳದ ನರ್ಸ್. ಜಟ್ಟಪ್ಪ ತೋಳು ಚಾಚಿ ಗುಂಡುಗಲ್ಲಿನಂತೆ ಕೂತ. ಆಮೇಲೆ ನನ್ನ ಸರದಿ. ದಿನಕ್ಕೆ ನೂರು ಮೀನು ಸೀಳುವ ನಾನು ಒಂದು ಸೂಜಿಗೆ ಕಣ್ಣು ಕತ್ತಲಾಗಿ ನರ್ಸಿನ ಮೈಮೇಲೆ ಒರಗಿದೆನಂತೆ. ಎಚ್ಚರವಾದಾಗ ಜಟ್ಟಪ್ಪ ಇಲ್ಯಾಸನಿಗೆ, ಇವಳಿಗೆ ಸ್ವಲ್ಪ ಐಸು ಹಾಕಿ ಎನ್ನುತ್ತಿದ್ದ.

ಇಲ್ಯಾಸ್ ತನ್ನ ಕೋಣೆ ತೋರಿಸಿದ. ಅಂಗೈಯಗಲದ ಒಂದು ತಟ್ಟೆ, ಅದರಲ್ಲಿ ಅಪ್ಪದ ಕಾವಲಿಯಂತೆ ಸಾಲು ಸಾಲು ಕುಳಿ. ಒಂದೊಂದು ಕುಳಿಯೂ ಸಾಸಿವೆ ಕಾಳಿನಷ್ಟು. ಪ್ರತಿ ಕುಳಿಯಲ್ಲೂ ಬೇರೆ ಬೇರೆ ಔಷಧ. ಅದರೊಳಗೆ ಜೀವ ಇರುವ ಬಿಳಿ ಕಣಗಳನ್ನು ಬಿಡುತ್ತಾನೆ. ನಮಗೆ ಬೇಕಾದ ಗುರುತು ಕಣದ ಮೇಲೆ ಇದ್ದರೆ, ಆ ಗುರುತಿನ ಕುಳಿಯಲ್ಲಿ ಮಾತ್ರ ಕಣ ಸಾಯುತ್ತದೆ. ಸತ್ತದ್ದು ಬಣ್ಣ ಕುಡಿದು ಕಪ್ಪಾಗುತ್ತದೆ. ಬದುಕಿದ್ದು ಹೊಳೆಯುತ್ತದೆ. ನಾನು ಕಳಿಸಿದ ರಕ್ತದಲ್ಲಿ ಎಲ್ಲ ಕುಳಿಯೂ ಕಪ್ಪು. ಎಲ್ಲರೂ ಸತ್ತ ಊರಿನಲ್ಲಿ ಕೊಲೆಗಾರನನ್ನು ಹೇಗೆ ಹುಡುಕುವುದು ಎಂದು ಇಲ್ಯಾಸ್ ಕೇಳಿದ.

ಮೀನು ಪೇಟೆ

ಫಲಿತಾಂಶಕ್ಕೆ ಎರಡು ದಿನ ಇತ್ತು. ಸಫಿಯಾ ನಮ್ಮನ್ನು ಸಮುದ್ರದ ಬದಿಯ ಮೀನು ಪೇಟೆಗೆ ಕರೆದೊಯ್ದಳು. ಕೇಳಿ: ಅಲ್ಲಿ ಮೀನು ಮಾರುವವರೆಲ್ಲ ಗಂಡಸರು. ಒಬ್ಬ ಹೆಂಗಸೂ ಇಲ್ಲ. ಮಾರುವವನಿಗೆ ಬೈಗುಳವೇ ಬರುವುದಿಲ್ಲ. ಗಿರಾಕಿ ದರ ಕಡಿಮೆ ಕೇಳಿದರೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾನೆ. ಹಾಗೆ ಮಾರಿದರೆ ಭಟ್ಕಳದಲ್ಲಿ ಸಂಜೆಗೆ ಬುಟ್ಟಿ ಹೊತ್ತುಕೊಂಡೇ ಮನೆಗೆ ಹೋಗಬೇಕು.

ನಮ್ಮ ಮಾಂಜಿ, ಪೇಟೆಯವರು ಪಾಂಫ್ರೆಟ್ ಎನ್ನುವುದು, ಅದೇ ಅವರಿಗೂ ಮೀನಿನ ರಾಜ. ಬೆಳ್ಳಿಯಂತೆ ಸಾಲಾಗಿ ಮಲಗಿಸಿದ್ದರು. ನಾನು ಅಭ್ಯಾಸಬಲದಿಂದ ಒಂದರ ಕಿವಿ ಎತ್ತಿ ನೋಡಿದೆ, ಹೊಟ್ಟೆ ಒತ್ತಿದೆ, ಕೆಳಗಿಟ್ಟೆ. ಎರಡನೆಯದು, ಮೂರನೆಯದು. ಏಳನೆಯದನ್ನು ಎತ್ತಿ ಸಫಿಯಾಳ ಕೈಗೆ ಕೊಟ್ಟೆ. ಮಾರುವ ಮುದುಕ ಎದ್ದು ನಿಂತು ತನ್ನ ಸ್ಟೂಲನ್ನು ನನಗೆ ಕೊಟ್ಟ. ಅಲ್ಲಿ ಕೂತು ಅರ್ಧ ಗಂಟೆ ಅವನ ಗಿರಾಕಿಗಳಿಗೆ ಮೀನು ಆರಿಸಿಕೊಟ್ಟೆ. ಜಟ್ಟಪ್ಪ ಸಫಿಯಾಳಿಗೆ, ಇವಳನ್ನು ಇಲ್ಲೇ ಬಿಟ್ಟು ಹೋದರೆ ತೆಂಗಿನಗುಂಡಿಗೆ ಎಷ್ಟು ಶಾಂತಿ ಎಂದ.

ಅವನು ಅಷ್ಟು ಖುಷಿಯಾಗಿದ್ದುದನ್ನು ಮಿಲಿಟರಿಗೆ ಹೋದ ದಿನದ ಮೇಲೆ ನಾನು ನೋಡಿರಲಿಲ್ಲ. ಅದಕ್ಕೇ ಆ ದಿನವೂ ಹೇಳಲಿಲ್ಲ.

ಗುರುವಾರ

ಗುರುತು ಇತ್ತು. ಫೋಟೋದಲ್ಲಿ ಸೊಂಟದ ಕೆಳಗಿನ ಕೀಲುಗಳೂ ಈಗ ಮಸುಕಾಗಿದ್ದವು. ರಕ್ತ ಒಂದೇ ಸಾಕ್ಷಿಯಲ್ಲ, ಬೆಳಗಿನ ಬಿಗಿತ, ಎದೆಯ ಅಳತೆ, ಫೋಟೋ, ರಕ್ತ ನಾಲ್ಕೂ ಒಂದೇ ಮಾತು ಹೇಳುತ್ತಿವೆ ಎಂದರು ಡಾಕ್ಟರು. ಮಾತ್ರೆ ಬರೆದರು. ದಿನಾ ಈಜಬೇಕು, ಮಲಗಿ ಸುಧಾರಿಸಿಕೊಳ್ಳಬಾರದು, ತುಂಬ ಹೊತ್ತು ಕೂರಬಾರದು ಎಂದರು. ವಾಲಿಬಾಲ್ ಬಿಡಬೇಕೇ ಎಂದು ಜಟ್ಟಪ್ಪ ಕೇಳಿದ. ಬೇಡ, ಅದೇ ನಿನ್ನನ್ನು ಇಷ್ಟು ದಿನ ಕಾಪಾಡಿದ್ದು ಎಂದರು.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. ನನ್ನ ರಕ್ತದಲ್ಲೂ ಅದೇ ಗುರುತು ಇದೆಯಂತೆ. ಹೆದರಬೇಡ, ಗುರುತು ಇದ್ದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ ಎಂದರು. ತಾಯಿ ಕೊಟ್ಟದ್ದೋ ತಂದೆ ಕೊಟ್ಟದ್ದೋ, ಇಬ್ಬರಿಗೂ ಬಂದಿತ್ತು. ಅವನಲ್ಲಿ ಅದು ಎದ್ದಿತು, ನನ್ನಲ್ಲಿ ಏಳಲಿಲ್ಲ. ಅಷ್ಟೇ ವ್ಯತ್ಯಾಸ.

ಹೊರಗಿನ ಬೆಂಚಿನ ಮೇಲೆ ಜಟ್ಟಪ್ಪನಿಗೆ ಹೇಳಿದೆ. ಫೈಲು ಹಿಡಿದು ಬಂದವರು, ಎಳನೀರು, ನಾನು ಬರೆಸಿದ್ದು, ರುಜು ಎಲ್ಲ. ಅವನು ಗಾಜಿನ ಬಾಗಿಲನ್ನೇ ನೋಡುತ್ತಿದ್ದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ನೀ ಬರೆಸಿದ್ದು ನಂಗೆ ಗೊತ್ತಿರ್ಲಿಲ್ಲ,” ಎಂದ. “ಆದ್ರೆ ನಾನೂ ಹಾಂಗೇ ನಂಬಿದ್ದೆ ಅಕ್ಕಾ. ದಿನಾ ಬೆಳಿಗ್ಗೆ ಚಾಪೆ ಮೇಲೆ ಬಿದ್ಕಂಡು, ಎಲ್ಲಾರೂ ಹೇಳೂದು ಹೌದಾಗಿರ್ಬೇಕು, ನಾ ಸೋಮಾರಿನೇ ಇರ್ಬೇಕು ಅಂದ್ಕಂತಿದ್ದೆ,” ಎಂದ.

ಆಮೇಲೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸಫಿಯಾಳ ಮೂಲಕ ಉಪ್ಪು ಕೇಳುತ್ತಿದ್ದ.

ಮರಳಿ

ಮುಂಬಯಿಗೆ ಬರುವ ವಿಮಾನದಲ್ಲಿ ಕೂತು ಕೂತು ಅವನ ಬೆನ್ನು ಹಿಡಿಯಿತು. ಎದ್ದು ನಡುವಿನ ಓಣಿಯಲ್ಲಿ ನಿಂತ. ವಿಮಾನದ ಹುಡುಗಿ ಬಂದು ಕೂರಿ ಎಂದಳು. ಅವನು ಕೂರಲು ಬಗ್ಗಿದ. ಮುಖ ಕಿವುಚಿತು. ಅವಳು ಇನ್ನೊಮ್ಮೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಬೀದಿಯಲ್ಲಿ ಮೀನು ಕೂಗುವ ದನಿಯಲ್ಲೇ ಹೇಳಿದೆ: “ಅವ್ನಿಗೆ ಕಾಯಿಲೆ ಇದ್ದು. ಅವ ನಿಂತ್ಕಳ್ಲಿ.”

ಹಿಂದೆ ಮುಂದೆ ಇದ್ದವರೆಲ್ಲ ತಿರುಗಿದರು. ಭಟ್ಕಳದ ಒಬ್ಬರು ಎದ್ದು ಆ ಹುಡುಗಿಗೆ ಹಿಂದಿಯಲ್ಲಿ ತಿಳಿಸಿದರು. ಅವಳು ನಕ್ಕು ಹೋದಳು. ಜಟ್ಟಪ್ಪ ಸೀಟಿನ ತಲೆ ಹಿಡಿದು ನಿಂತಿದ್ದ. ನನ್ನ ಕಡೆ ನೋಡದೆ, “ಇನ್ನೊಂದ್ಸಲ ಹೇಳು,” ಎಂದ.

ಹೇಳಿದೆ.

ಅಲ್ಲಿಂದ ಶುರುವಾಯಿತು. ಮುಂಬಯಿಯಿಂದ ಬರುವ ಬಸ್ಸಿನಲ್ಲಿ ಸೀಟಿದ್ದರೂ ಅವನು ಆಗಾಗ ಎದ್ದು ನಿಲ್ಲುತ್ತಿದ್ದ. ಕಂಡಕ್ಟರ್ ಕೇಳಿದರೆ ಸುಮ್ಮನೆ ನನ್ನ ಕಡೆ ಕೈ ತೋರಿಸುತ್ತಿದ್ದ. ನಾನು ಹೇಳಬೇಕು. ಕುಮಟಾದಲ್ಲಿ ಬಸ್ಸು ಬದಲಿಸಿದೆವು, ಹೊಸ ಕಂಡಕ್ಟರ್, ಅವನಿಗೂ ಹೇಳಿದೆ. ಹೊನ್ನಾವರದಲ್ಲಿ ಚಹಾ ಅಂಗಡಿಯವನು ಬೆಂಚು ಒರೆಸಿ ಕೂರಿ ಎಂದ. ಜಟ್ಟಪ್ಪ ನನ್ನ ಕಡೆ ಕೈ ತೋರಿಸಿದ. ಶರಾವತಿ ದಾಟುವ ಹೊತ್ತಿಗೆ ಪಕ್ಕದಲ್ಲಿ ಕೂತ ಕಾಯ್ಕಿಣಿಯ ಅಜ್ಜಿಗೆ ರಕ್ತದ ಗುರುತು, ತಟ್ಟೆಯ ಕುಳಿ, ಬಿಳಿ ಕಣ ಎಲ್ಲ ವಿವರಿಸಿ ನನ್ನ ಗಂಟಲು ಒಣಗಿತ್ತು. ಅಜ್ಜಿ ಎಲ್ಲ ಕೇಳಿ, ಹಾಗಾದರೆ ನೀನು ಡಾಕ್ಟರಮ್ಮನಾ ಎಂದಳು. ಜಟ್ಟಪ್ಪ ನೆಟ್ಟಗೆ ನಿಂತು ನಕ್ಕ.

ತೆಂಗಿನಗುಂಡಿಯಲ್ಲಿ ಇಳಿದಾಗ ಸಂಜೆ. ದಕ್ಕೆಯಲ್ಲಿ ಬಲೆ ಒಣಗಿಸುತ್ತಿದ್ದವರು, ಮೀನು ಹೆಂಗಸರು, ನಮ್ಮವರೆಲ್ಲ ಸುತ್ತ ಬಂದು ನಿಂತರು. ಅಲ್ಲಿ ಮೀನು ಹೇಗಿದೆ ಎಂದು ಕೇಳಿದರು. ನಾನು ಜಟ್ಟಪ್ಪನ ಕೈಯನ್ನು ನೋಡಿದೆ. ಅವನು ಕೈ ಎತ್ತಲಿಲ್ಲ. ಪೆಟ್ಟಿಗೆ ಕೆಳಗಿಟ್ಟು, ಸಮುದ್ರದ ಕಡೆ ಮುಖ ಮಾಡಿ ನಿಂತ. ಇಲ್ಲಿ ಹೇಳು ಎಂದು ಅವನು ಕೇಳುವುದಿಲ್ಲ ಎಂದು ತಿಳಿಯಿತು.

ಮೀನಿನ ಸುದ್ದಿ ಆಮೇಲೆ ಹೇಳುತ್ತೇನೆ ಎಂದೆ. ಮೊದಲು ನಾನು ಫೈಲಿನವರಿಗೆ ಬರೆಸಿದ್ದನ್ನು ಹೇಳಿದೆ.